ಉದ್ರಿ ಬರೆದಿಟ್ಟುಕೊಳ್ಳುವ ಆಟ

(ಧಾರವಾಡದಲ್ಲಿ ಕಾಲೇಜು ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಫ್ಯಾನಿನ ಕೆಳಗೆ ಕೂತು, ಮೂವತ್ತು ವರ್ಷ ಹಳೆಯ ವಿಡಿಯೋ ಗೇಮಿನ ಬಗ್ಗೆ ಕೇಳೋಕೆ ಬಂದಿದ್ದೀರಿ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ ಬಿಡಿ.

ಆಟದ ಹೆಸರು ಕ್ರೋನೋ ಟ್ರಿಗರ್. 1995ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂತು, ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕಕ್ಕೆ ಹೋಯಿತು. ಮಾಡಿದ್ದು ಸ್ಕ್ವೇರ್ ಕಂಪನಿ. ಟಿವಿಗೆ ಜೋಡಿಸಿ ಆಡುವ ಸೂಪರ್ ನಿಂಟೆಂಡೊ ಎಂಬ ಯಂತ್ರಕ್ಕೆ ಮಾಡಿದ ಆಟ ಇದು. ಕಥೆ, ಚಿತ್ರ, ಸಂಗೀತ ಎಲ್ಲಾ ಸೇರಿ ಇಡೀ ಆಟ ಬರೀ 4 ಎಂಬಿ. ನೀವೀಗ ಫೋನಿನಲ್ಲಿ ತೆಗೆಯುವ ಒಂದು ಫೋಟೋ ಅದಕ್ಕಿಂತ ದೊಡ್ಡದಿದ್ದರೂ ಇರಬಹುದು.

2019ರಲ್ಲಿ ಜಪಾನಿನ ಚಕ್ರವರ್ತಿ ಪಟ್ಟ ಬಿಟ್ಟುಕೊಟ್ಟರು. 1989ರಲ್ಲಿ ಶುರುವಾಗಿದ್ದ ಹೆಯ್‌ಸೇ ಯುಗ ಅಲ್ಲಿಗೆ ಮುಗಿಯಿತು. ಆ ಹೊತ್ತಿಗೆ ಫಮಿತ್ಸು ಎಂಬ ಗೇಮ್ ಪತ್ರಿಕೆ ತನ್ನ ಓದುಗರನ್ನು ಕೇಳಿತು: ಈ ಮೂವತ್ತು ವರ್ಷದಲ್ಲಿ ಎಲ್ಲಕ್ಕಿಂತ ಒಳ್ಳೆಯ ಆಟ ಯಾವುದು? ಮೊದಲ ಸ್ಥಾನಕ್ಕೆ ಬಂದದ್ದು ಇದೇ 4 ಎಂಬಿಯ ಆಟ. ಅಷ್ಟರಲ್ಲಿ ಎಂತೆಂಥ ಆಟಗಳು ಬಂದು ಹೋಗಿದ್ದವು ಅಂತ ನಿಮಗೇ ಗೊತ್ತು.

ಯಾಕೆ ಹೀಗೆ ಅಂತ ಕೇಳಿದರೆ ಒಂದು ಸುಲಭದ ಉತ್ತರ ಇದೆ. ಚಿಕ್ಕಂದಿನ ನೆನಪು, ಹಳೇದರ ಮೇಲಿನ ಪ್ರೀತಿ. ಈ ಉತ್ತರವನ್ನು ನಾನು ಒಪ್ಪೋದಿಲ್ಲ. ನಾವು ಚಿಕ್ಕಂದಿನಲ್ಲಿ ಆಡಿದ ಎಷ್ಟೋ ಆಟಗಳನ್ನು ಈಗ ಹತ್ತು ನಿಮಿಷ ಆಡೋಕಾಗಲ್ಲ. ನೆನಪು ಇದ್ದೇ ಇದೆ, ಆಟ ಮಾತ್ರ ಸಪ್ಪೆ. ಇನ್ನೊಂದು ಕಡೆ, 1995ರಲ್ಲಿ ಹುಟ್ಟಿಯೇ ಇರದ ನಿಮ್ಮ ವಯಸ್ಸಿನವರು ಇದನ್ನು ಈಗ ಮೊದಲ ಸಲ ಆಡಿ ಹಿಡಿಸಿಕೊಳ್ಳುತ್ತಾರೆ. ಅವರಿಗೆ ಯಾವ ನೆನಪು?

ನನ್ನ ಉತ್ತರ ಬೇರೆ. ಈ ಆಟ ಉದ್ರಿ ಬರೆದಿಟ್ಟುಕೊಳ್ಳುತ್ತದೆ. ಓಣಿಯ ಕಿರಾಣಿ ಅಂಗಡಿಯವರು ನೀವು ಬೆಲ್ಲ ತಗೊಂಡಾಗ ಏನೂ ಅನ್ನೋದಿಲ್ಲ. ಸುಮ್ನೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ತಿಂಗಳ ಕೊನೆಗೆ ನಿಮ್ಮ ಮುಂದೆ ಪುಸ್ತಕ ತೆರೆಯುತ್ತಾರೆ. ಕ್ರೋನೋ ಟ್ರಿಗರ್ ಮಾಡೋದೂ ಅದನ್ನೇ. ನನ್ನ ಮಾತೆಲ್ಲ ಇದೊಂದರ ಸುತ್ತಲೇ.

ಆಡದವರಿಗಾಗಿ ಕಥೆ ಚಿಕ್ಕದಾಗಿ ಹೇಳಿಬಿಡ್ತೀನಿ. ಗಾರ್ಡಿಯಾ ಎಂಬ ರಾಜ್ಯ. ಇಸವಿ 1000. ರಾಜ್ಯ ಹುಟ್ಟಿ ಸಾವಿರ ವರ್ಷ ಆಯಿತು ಅಂತ ಜಾತ್ರೆ. ಕ್ರೋನೋ ಎಂಬ ಕೆಂಪು ಕೂದಲಿನ ಹುಡುಗ ಜಾತ್ರೆಗೆ ಹೋಗುತ್ತಾನೆ. ಅಲ್ಲಿ ಮಾರ್ಲ್ ಎಂಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ. ಗೆಳತಿ ಲೂಕಾ ಮಾಡಿದ ಯಂತ್ರ ಕೈಕೊಟ್ಟು, ಮಾರ್ಲ್ 400 ವರ್ಷ ಹಿಂದಕ್ಕೆ ಹೋಗಿಬಿಡುತ್ತಾಳೆ. ಅವಳನ್ನು ಹುಡುಕಿಕೊಂಡು ಹೋಗೋದರಿಂದ ಕಾಲದ ಪ್ರಯಾಣ ಶುರು. ಮುಂದೆ ಒಂದು ದಿನ ಅವರು 2300ನೇ ಇಸವಿಗೆ ಹೋಗಿ ಬೀಳುತ್ತಾರೆ. ಅಲ್ಲಿ ಭೂಮಿ ಹಾಳು ಬಿದ್ದಿದೆ. ಉಳಿದ ನಾಲ್ಕು ಜನ ಗುಮ್ಮಟಗಳೊಳಗೆ ಮುದುಡಿ ಕೂತಿದ್ದಾರೆ. ಅಲ್ಲೊಂದು ಯಂತ್ರ ಇದೆ. ಒಳಗೆ ಮಲಗಿ ಎದ್ದರೆ ಆಯಾಸವೆಲ್ಲ ಹೋಗುತ್ತದೆ. ಆದರೆ ಹೊಟ್ಟೆ ಹಸಿವು ಹಾಗೇ ಇದೆ ಅಂತ ಪರದೆ ಮೇಲೆ ಬರುತ್ತದೆ. ಪ್ರತಿ ಸಲವೂ ಬರುತ್ತದೆ. ಪ್ರಳಯ ಆದ ಲೋಕವನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ್ದು ನಾನು ಇನ್ನೊಂದು ಆಟದಲ್ಲಿ ನೋಡಿಲ್ಲ.

ಇದಕ್ಕೆಲ್ಲ ಕಾರಣ ಲಾವೋಸ್ ಎಂಬ ಜೀವಿ. 1999ರಲ್ಲಿ ಅದು ಭೂಮಿಯೊಳಗಿಂದ ಮೇಲೆ ಬಂದು ಎಲ್ಲವನ್ನೂ ಸುಟ್ಟಿದೆ. ಅದನ್ನು ತಡೆಯಬೇಕು. ಕಥೆ ಇಷ್ಟೇ.

ಈಗ ಉದ್ರಿ ಪುಸ್ತಕಕ್ಕೆ ಬರೋಣ. ಮೊದಲ ಹತ್ತು ನಿಮಿಷದ ಜಾತ್ರೆಯಲ್ಲೇ ಅದು ತೆರೆದಿರುತ್ತದೆ.

ಡಿಕ್ಕಿ ಹೊಡೆದಾಗ ಮಾರ್ಲ್ ಒಂದು ಕಡೆ ಬೀಳುತ್ತಾಳೆ, ಅವಳ ಕೊರಳಿನ ಪದಕ ಇನ್ನೊಂದು ಕಡೆ ಬೀಳುತ್ತದೆ. ನೀವು ಮೊದಲು ಯಾವ ಕಡೆ ಹೋಗ್ತೀರಿ? ಜಾತ್ರೆಯ ಇನ್ನೊಂದು ಮೂಲೆಯಲ್ಲಿ ಒಬ್ಬ ಮುದುಕ ಇದ್ದಾನೆ, ಅವನ ಪಕ್ಕ ಊಟದ ಗಂಟು ಇದೆ. ಬಟನ್ ಒತ್ತಿದರೆ ತಿನ್ನಬಹುದು. ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಓಡಾಡುವ ಇಂಥ ಆಟಗಳನ್ನು ಆಡಿದವರಿಗೆ ಒಂದು ಚಟ ಇರುತ್ತದೆ. ಕಂಡ ಪೆಟ್ಟಿಗೆ ತೆರೆಯೋದು, ಕಂಡ ಗಂಟಿಗೆ ಕೈ ಹಾಕೋದು. ಯಾವ ಆಟವೂ ಅದಕ್ಕೆ ಬೈದಿಲ್ಲ. ಹಾಗಾಗಿ ತಿಂದುಬಿಡ್ತಾರೆ. ಒಂದು ಪುಟ್ಟ ಹುಡುಗಿ ಬೆಕ್ಕು ಕಳೆದುಕೊಂಡಿದ್ದಾಳೆ. ಬೆಕ್ಕು ಅಲ್ಲೇ ಓಡಾಡುತ್ತಿರುತ್ತದೆ. ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟೂ ಆಗುವಾಗ ಆಟ ತುಟಿ ಬಿಚ್ಚುವುದಿಲ್ಲ.

ಆಮೇಲೆ ನೀವು 400 ವರ್ಷ ಹಿಂದೆ ಹೋಗ್ತೀರಿ, ರಾಕ್ಷಸರ ಜೊತೆ ಹೊಡೆದಾಡ್ತೀರಿ, ಮಾರ್ಲ್‌ಳನ್ನು ಕರೆದುಕೊಂಡು ಬರ್ತೀರಿ. ಅವಳು ಈ ರಾಜ್ಯದ ರಾಜಕುಮಾರಿ ಅಂತ ಅಷ್ಟರಲ್ಲಿ ಗೊತ್ತಾಗಿರುತ್ತದೆ. ಅವಳನ್ನು ಅರಮನೆಗೆ ಬಿಡೋಕೆ ಹೋದರೆ ಸಿಪಾಯಿಗಳು ಬಂದು ನಿಮ್ಮನ್ನೇ ಹಿಡಿಯುತ್ತಾರೆ. ರಾಜಕುಮಾರಿಯನ್ನು ಅಪಹರಿಸಿದ ಆರೋಪ. ಕೋರ್ಟು ನಡೆಯುತ್ತದೆ. ಬಣ್ಣದ ಗಾಜಿನ ಕಿಟಕಿಯ ಮುಂದೆ ಕ್ರೋನೋ ಒಬ್ಬನೇ ನಿಂತಿದ್ದಾನೆ. ಒಂದು ಕಡೆ ಮಂತ್ರಿ, ಇನ್ನೊಂದು ಕಡೆ ಪಿಯರ್ ಎಂಬ ವಕೀಲ. ಮಂತ್ರಿ ಒಬ್ಬ ಸಾಕ್ಷಿಯನ್ನು ಕರೆಯುತ್ತಾನೆ. ಬಂದವನು ಯಾರು? ಅದೇ ಮುದುಕ. ನನ್ನ ಊಟ ತಿಂದದ್ದು ಇವನೇ ಅನ್ನುತ್ತಾನೆ.

ಈ ಘಳಿಗೆಯಲ್ಲಿ ಆಡುವವರ ಮುಖ ನೋಡಬೇಕು. ನಾನು ನೋಡಿದ್ದೇನೆ, ಬೇರೆ ಬೇರೆ ವಯಸ್ಸಿನವರದ್ದು. ಮೊದಲು ನಗು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ತಾನು ಆಟದ ಹೊರಗೆ ಕೂತಿದ್ದೇನೆ, ತನ್ನನ್ನು ಯಾರೂ ನೋಡುತ್ತಿಲ್ಲ ಅಂದುಕೊಂಡವರು ಸಿಕ್ಕಿಬಿದ್ದ ಮುಖ ಅದು. ಬೆಕ್ಕು ತಂದುಕೊಟ್ಟಿದ್ದರೆ ಆ ಹುಡುಗಿಯೂ ಬಂದು ನಿಮ್ಮ ಪರ ಸಾಕ್ಷಿ ಹೇಳುತ್ತಾಳೆ. ಏಳು ಜನ ಪಂಚರು ಒಬ್ಬೊಬ್ಬರಾಗಿ ನಡೆದು ಬಂದು ತಪ್ಪಿತಸ್ಥ ಅಂತಲೋ, ಅಲ್ಲ ಅಂತಲೋ ಹೇಳಿ ಆ ಕಡೆ ಈ ಕಡೆ ನಿಲ್ಲುತ್ತಾರೆ.

ಇನ್ನೊಂದು ತಮಾಷೆ ಕೇಳಿ. ಏಳೂ ಜನ ನಿರ್ದೋಷಿ ಅಂದರೂ ಜೈಲು ತಪ್ಪುವುದಿಲ್ಲ. ಮಂತ್ರಿ ಏನೋ ನೆಪ ಹುಡುಕಿ ಒಳಗೆ ಹಾಕಿಯೇ ಹಾಕುತ್ತಾನೆ. ಹೈಕೋರ್ಟ್ ಪೀಠ ಇರುವ ಊರಿನಲ್ಲಿ ಇದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು. ಆ ಮಂತ್ರಿಗೆ ನಿಮ್ಮ ಮೇಲೆ ಅಷ್ಟು ಸಿಟ್ಟು ಯಾಕೆ ಅನ್ನೋದು ತುಂಬಾ ಹೊತ್ತಿನ ನಂತರ ಗೊತ್ತಾಗುತ್ತದೆ. ಅವನು ಮನುಷ್ಯನೇ ಅಲ್ಲ. 400 ವರ್ಷ ಹಿಂದೆ ನೀವು ಕೊಂದ ರಾಕ್ಷಸನ ವಂಶದವನು, ವೇಷ ಹಾಕಿಕೊಂಡು ಕೂತಿದ್ದಾನೆ. ಆ ಉದ್ರಿಯೂ ಪುಸ್ತಕದಲ್ಲಿತ್ತು!

ಕರ್ಮ ಸಿದ್ಧಾಂತ ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದದ್ದು ಕೇಳಿಸಿತು. ಅಷ್ಟು ದೂರ ಹೋಗೋದು ಬೇಡ. ಇದು ಪಾಪ ಪುಣ್ಯದ ಪಾಠ ಹೇಳುವ ಆಟವಲ್ಲ. ಊಟ ತಿಂದವನಿಗೆ ದೊಡ್ಡ ಶಿಕ್ಷೆಯೇನೂ ಇಲ್ಲ. ನೋಡಿದ್ದೇನೆ ಅಂತ ತಿಳಿಸುತ್ತದೆ, ಅಷ್ಟೇ. ಈಗಿನ ಎಷ್ಟೋ ಆಟಗಳು ನೀವು ಒಂದು ಆಯ್ಕೆ ಮಾಡಿದ ಕೂಡಲೇ ಪರದೆಯ ಮೂಲೆಯಲ್ಲಿ ಸಂದೇಶ ತೋರಿಸುತ್ತವೆ. ಇವರು ಇದನ್ನು ನೆನಪಿಟ್ಟುಕೊಳ್ಳುತ್ತಾರೆ ಅಂತ. ಹಾಗೆ ಹೇಳಿಬಿಟ್ಟರೆ ನೀವು ಹುಷಾರಾಗಿಬಿಡ್ತೀರಿ. ಒಳ್ಳೆಯವರ ಪಾತ್ರ ಆಡೋಕೆ ಶುರು ಮಾಡ್ತೀರಿ. ಹೇಳದೆ ಬರೆದುಕೊಂಡಾಗ ಮಾತ್ರ ನೀವು ನಿಜವಾಗಿ ಹೇಗೆ ಆಡ್ತೀರಿ ಅನ್ನೋದು ಸಿಗುತ್ತದೆ.

ನಮ್ಮ ಕಡೆ ಈ ಆಟ ಬಂದ ದಾರಿ ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದರಿಂದಲೇ ನನಗೆ ಒಂದು ವಿಷಯ ಹೊಳೆದದ್ದು. ಹುಬ್ಬಳ್ಳಿಯಲ್ಲಿ ಸೂಪರ್ ನಿಂಟೆಂಡೊ ಇದ್ದ ಮನೆಯನ್ನು ನಾನು ನೋಡಿಲ್ಲ. ನಮಗೆ ಸಿಕ್ಕಿದ್ದು ಸೈಬರ್ ಕೆಫೆಯಲ್ಲಿ, ಝಡ್‌ಎಸ್‌ಎನ್‌ಇಎಸ್ ಎಂಬ ಎಮ್ಯುಲೇಟರ್ ಮೇಲೆ. 1997ರಲ್ಲಿ ಬಂದ ಬಿಟ್ಟಿ ಸಾಫ್ಟ್‌ವೇರ್ ಅದು. ಆ ಹಳೆಯ ಯಂತ್ರದ ಆಟಗಳನ್ನು ಕಂಪ್ಯೂಟರಿನಲ್ಲಿ ಓಡಿಸುತ್ತಿತ್ತು. ಒಂದು ಫ್ಲಾಪಿಗೆ 1.44 ಎಂಬಿ ಮಾತ್ರ ಹಿಡಿಯುತ್ತಿದ್ದರಿಂದ ಆಟವನ್ನು ತುಂಡು ಮಾಡಿ ಮೂರು ಫ್ಲಾಪಿಯಲ್ಲಿ ಒಯ್ಯುತ್ತಿದ್ದರು. ಮೂರರಲ್ಲಿ ಒಂದು ಕೆಟ್ಟರೂ ಕಥೆ ಮುಗಿಯಿತು. ಅದು ಕಳ್ಳ ಪ್ರತಿಯೇ. ದುಡ್ಡು ಕೊಟ್ಟು ತಗೊಳ್ಳೋಣ ಅಂದರೂ ಮಾರುವವರು ಯಾರೂ ಇರಲಿಲ್ಲ.

ಆ ಎಮ್ಯುಲೇಟರಿನಲ್ಲಿ ಎರಡು ಗುಂಡಿಗಳಿದ್ದವು. ಎಫ್2 ಒತ್ತಿದರೆ ಆಟ ಇದ್ದ ಜಾಗದಲ್ಲೇ ಸೇವ್ ಆಗುತ್ತಿತ್ತು. ಎಫ್4 ಒತ್ತಿದರೆ ಆ ಜಾಗಕ್ಕೇ ವಾಪಸ್. ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವವರಿಗೆ ಇದು ವರ. ಹೊಡೆದಾಟಕ್ಕೆ ಮೊದಲು ಎಫ್2, ಸೋತರೆ ಎಫ್4. ಬೇರೆ ಆಟಗಳನ್ನೆಲ್ಲ ಈ ಎರಡು ಗುಂಡಿಗಳಿಂದಲೇ ಗೆಲ್ಲಬಹುದಿತ್ತು. ಯಾಕೆಂದರೆ ಅವುಗಳಲ್ಲಿ ಲೆಕ್ಕ ಆಗಿಂದಾಗಲೇ ಚುಕ್ತಾ. ತಪ್ಪು ಮಾಡಿದ ಕ್ಷಣದಲ್ಲೇ ಪ್ರಾಣ ಹೋಗುತ್ತದೆ, ಕ್ಷಣದ ಹಿಂದಕ್ಕೆ ಹೋದರೆ ತಪ್ಪು ಅಳಿಸಿತು. ಆದರೆ ಕೋರ್ಟಿನಲ್ಲಿ ಮುದುಕ ಬಂದು ನಿಂತಾಗ ಎಫ್4 ಒತ್ತಿ ಏನು ಪ್ರಯೋಜನ? ಊಟ ತಿಂದು ಒಂದೆರಡು ಗಂಟೆ ಆಗಿದೆ. ಅದರ ಮೇಲೆ ನೀವೇ ಎಷ್ಟೋ ಸಲ ಎಫ್2 ಒತ್ತಿದ್ದೀರಿ. ಕಾಲದಲ್ಲಿ ಬೇಕಾದ ಕಡೆ ಹೋಗಬಹುದಾದ ಆಟದಲ್ಲಿ ಆ ಹತ್ತು ನಿಮಿಷಕ್ಕೆ ಮಾತ್ರ ಹೋಗಲು ದಾರಿ ಇಲ್ಲ.

ಫಲ ತಡವಾಗಿ ಬರುವುದರಲ್ಲೇ ಈ ಆಟದ ಜೀವ ಇದೆ ಅಂತ ನನಗೆ ಅನಿಸಿದ್ದು ಆಗ.

ಇಂಥವು ಆಟದ ತುಂಬಾ ಇವೆ. ಕೆಲವನ್ನು ಬೇಗ ಹೇಳಿ ಮುಗಿಸ್ತೀನಿ. ಪೋರ್ ಎಂಬ ಊರಿನ ಮೇಯರ್ ಮಹಾ ಜಿಪುಣ. ನಿಮಗೆ ಬೇಕಾದ ಒಂದು ಕಲ್ಲನ್ನು ಹೊಡೆದುಕೊಂಡು ಕೂತಿದ್ದಾನೆ. ಎಷ್ಟು ಕೇಳಿದರೂ ಕೊಡುವುದಿಲ್ಲ. ನೀವು 400 ವರ್ಷ ಹಿಂದೆ ಹೋಗಿ, ಅದೇ ಊರಿನ ಹಿರಿಯರ ಮನೆಯ ಹೆಂಗಸಿಗೆ ಒಣ ಮಾಂಸ ಕೊಡಬೇಕು. ಅದಕ್ಕೆ 10,000 ಚಿನ್ನ ಕೇಳಬಹುದು, ಬಿಟ್ಟಿಯೂ ಕೊಡಬಹುದು. ಬಿಟ್ಟಿ ಕೊಟ್ಟರೆ, ನಮ್ಮ ಮಕ್ಕಳಿಗೂ ಹೀಗೇ ಕೊಡೋದನ್ನು ಕಲಿಸ್ತೀನಿ ಅನ್ನುತ್ತಾಳೆ. ವಾಪಸ್ ಬಂದರೆ ಮೇಯರ್ ಧಾರಾಳಿ! ಕಲ್ಲನ್ನು ಕೈಗೆ ಕೊಟ್ಟು ಕಳಿಸುತ್ತಾನೆ. ಕೆಲವು ಮುಚ್ಚಿದ ಪೆಟ್ಟಿಗೆಗಳಿವೆ. 600ನೇ ಇಸವಿಯಲ್ಲಿ ಮುಟ್ಟಿ, ತೆಗೆಯದೆ ಬಿಟ್ಟರೆ, 1000ನೇ ಇಸವಿಯಲ್ಲಿ ಅದರೊಳಗಿನ ವಸ್ತು ಇನ್ನೂ ಬಲಿತಿರುತ್ತದೆ. ಅದನ್ನು ತಗೊಂಡು, ಮತ್ತೆ ಹಿಂದಕ್ಕೆ ಹೋಗಿ ಹಳೆಯದನ್ನೂ ತಗೋಬಹುದು. ಇದು ತರ್ಕಕ್ಕೆ ನಿಲ್ಲೋದಿಲ್ಲ. ಆಟಗಾರರ ಆಸೆಬುರುಕತನಕ್ಕೆ ಅಂತಲೇ ಬಿಟ್ಟ ಸಂದು ಅದು.

ಇನ್ನೊಂದರ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ರೋಬೋ ಎಂಬ ಯಂತ್ರಮಾನವ ನಿಮ್ಮ ತಂಡದಲ್ಲಿದ್ದಾನೆ. 600ನೇ ಇಸವಿಯಲ್ಲಿ ಫಿಯೋನಾ ಎಂಬ ಹೆಂಗಸು ಬರಡು ನೆಲದಲ್ಲಿ ಕಾಡು ಬೆಳೆಸಬೇಕು ಅಂತ ಒದ್ದಾಡುತ್ತಿದ್ದಾಳೆ. ಒಬ್ಬರ ಆಯಸ್ಸಿನಲ್ಲಿ ಆಗುವ ಕೆಲಸವಲ್ಲ. ರೋಬೋ ನಾನಿಲ್ಲೇ ಉಳೀತೀನಿ ಅನ್ನುತ್ತಾನೆ. ನೀವು ಕಾಲದಲ್ಲಿ ಓಡಾಡುವ ಯಾನ ಹತ್ತಿ 1000ನೇ ಇಸವಿಗೆ ಹೋಗ್ತೀರಿ. ನಿಮಗೆ ಅರ್ಧ ನಿಮಿಷ. ಅವನಿಗೆ 400 ವರ್ಷ. ಬಂದು ನೋಡಿದರೆ ಬರಡು ಇದ್ದಲ್ಲಿ ದಟ್ಟ ಕಾಡು. ನಡುವೆ ಒಂದು ಗುಡಿ, ಗುಡಿಯಲ್ಲಿ ತುಕ್ಕು ಹಿಡಿದು ನಿಂತುಹೋದ ರೋಬೋ.

ಲೂಕಾ ಅವನನ್ನು ರಿಪೇರಿ ಮಾಡುತ್ತಾಳೆ. ರಾತ್ರಿ ಎಲ್ಲರೂ ಬೆಂಕಿ ಸುತ್ತ ಕೂತು ಮಾತಾಡಿ ಮಲಗುತ್ತಾರೆ. ಲೂಕಾ ಒಬ್ಬಳೇ ಎದ್ದು ಕಾಡಿನೊಳಗೆ ಹೋಗುತ್ತಾಳೆ. ಅಲ್ಲೊಂದು ಕಾಲದ ಬಾಗಿಲು ತೆರೆದಿದೆ. ಅದು ಅವಳನ್ನು ಹತ್ತು ವರ್ಷ ಹಿಂದಕ್ಕೆ, ಅವಳ ಮನೆಗೇ ಒಯ್ಯುತ್ತದೆ. ಅದೇ ದಿನ ಅವಳ ಅವ್ವನ ಸೆರಗು ಯಂತ್ರಕ್ಕೆ ಸಿಕ್ಕಿ ಕಾಲು ಹೋಗಿತ್ತು. ಸೀರೆಯಲ್ಲ, ಅಲ್ಲಿಯವರ ಲಂಗ ಅನ್ನಿ, ನಮ್ಮ ರೂಢಿ ಬಾಯಿಗೆ ಬಂತು. ಯಂತ್ರ ನಿಲ್ಲಿಸಲು ಒಂದು ಪಾಸ್‌ವರ್ಡ್ ಬೇಕು. ಅದು ಅವ್ವನ ಹೆಸರು: ಲಾರಾ. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ, ಎಲ್, ಎ, ಆರ್, ಎ. ಸೂಪರ್ ನಿಂಟೆಂಡೊದ ಹಿಡಿಕೆಯ ಮೇಲೆ ಎಲ್, ಎ, ಆರ್ ಎಂಬ ಗುಂಡಿಗಳೇ ಇವೆ. ಅಂದರೆ ನೀವು ಕೈಯಲ್ಲಿ ಹಿಡಿದ ಯಂತ್ರದ ಮೇಲೆ ಅವಳವ್ವನ ಹೆಸರನ್ನು ಒತ್ತಬೇಕು, ಅದೂ ಕೆಲವೇ ಕ್ಷಣಗಳೊಳಗೆ. ತಡವರಿಸಿದರೆ ಹತ್ತು ವರ್ಷ ಹಿಂದೆ ಆದದ್ದೇ ಮತ್ತೆ ಆಗುತ್ತದೆ. ಆಟ ನಿಲ್ಲುವುದಿಲ್ಲ, ಗೇಮ್ ಓವರ್ ಅಂತ ಬರುವುದಿಲ್ಲ. ಹಾಗೇ ಮುಂದೆ ಹೋಗುತ್ತದೆ. ಲೂಕಾ ಅದನ್ನು ಹೊತ್ತುಕೊಂಡೇ ಲಾವೋಸ್ ಮುಂದೆ ನಿಲ್ಲುತ್ತಾಳೆ.

ಕಥಾನಾಯಕನ ವಿಷಯದಲ್ಲೂ ಹೀಗೇ. ನಡುದಾರಿಯಲ್ಲಿ ಕ್ರೋನೋ ಸಾಯುತ್ತಾನೆ. ಅವನನ್ನು ಬದುಕಿಸಿಕೊಳ್ಳುವ ದಾರಿ ಇದೆ, ಆದರೆ ಕಡ್ಡಾಯ ಇಲ್ಲ. ಅವನಿಲ್ಲದೆಯೂ ಆಟ ಮುಗಿಸಬಹುದು. ನಾಯಕನನ್ನೇ ಐಚ್ಛಿಕ ಮಾಡಿದ ಧೈರ್ಯಕ್ಕೆ ಏನನ್ನೋಣ.

ಒಂದು ಸಲ ಮುಗಿಸಿದವರಿಗೆ ಮೆನುವಿನಲ್ಲಿ ಹೊಸ ಸಾಲು ಕಾಣುತ್ತದೆ: ನ್ಯೂ ಗೇಮ್ ಪ್ಲಸ್. ಈಗ ಎಲ್ಲ ಕಡೆ ಇರುವ ಆ ಹೆಸರು ಶುರುವಾದದ್ದು ಇಲ್ಲಿಂದ. ನಿಮ್ಮ ಬಲವೆಲ್ಲ ಇಟ್ಟುಕೊಂಡು ಮತ್ತೆ ಜಾತ್ರೆಯಿಂದ ಶುರು ಮಾಡಬಹುದು. ಲಾವೋಸ್‌ನನ್ನು ಯಾವಾಗ ಸೋಲಿಸ್ತೀರಿ ಅನ್ನೋದರ ಮೇಲೆ ಕೊನೆ ಬದಲಾಗುತ್ತದೆ. ಹತ್ತಕ್ಕೂ ಜಾಸ್ತಿ ಕೊನೆಗಳಿವೆ. ಶುರುವಿನಲ್ಲೇ ಸೋಲಿಸಿದರೆ ಆಟ ಮಾಡಿದವರೇ ಪಾತ್ರಗಳಾಗಿ ಬಂದು ಮಾತಾಡುತ್ತಾರೆ. ಇಡೀ ಆಟ ಇಪ್ಪತ್ತು, ಇಪ್ಪತ್ತೈದು ಗಂಟೆಯಲ್ಲಿ ಮುಗಿಯುತ್ತದೆ. ನೂರು ಗಂಟೆಯ ಆಟವಾಗಿದ್ದರೆ ಮತ್ತೆ ಆಡುವ ಮಾತು ಯಾರೂ ಎತ್ತುತ್ತಿರಲಿಲ್ಲ.

ಮಾಡಿದವರು ಯಾರು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ. ಫೈನಲ್ ಫ್ಯಾಂಟಸಿ ಹುಟ್ಟಿಸಿದ ಹಿರೊನೊಬು ಸಕಾಗುಚಿ. ಡ್ರ್ಯಾಗನ್ ಕ್ವೆಸ್ಟ್ ಹುಟ್ಟಿಸಿದ ಯೂಜಿ ಹೊರಿಯಿ. ಡ್ರ್ಯಾಗನ್ ಬಾಲ್‌ನ ಚಿತ್ರಕಾರ ಅಕಿರಾ ತೊರಿಯಾಮಾ. ಅವರು 2024ರ ಮಾರ್ಚ್‌ನಲ್ಲಿ ತೀರಿಕೊಂಡರು. ಈ ಆಟ ಮಾಡುವಾಗ ಫೈನಲ್ ಫ್ಯಾಂಟಸಿಯ ಕಂಪನಿಯೂ ಡ್ರ್ಯಾಗನ್ ಕ್ವೆಸ್ಟ್‌ನ ಕಂಪನಿಯೂ ಎದುರಾಳಿಗಳು. 2003ರಲ್ಲಿ ಒಂದಾದವು. 1992ರಲ್ಲಿ ಈ ಮೂವರೂ ಅಮೆರಿಕಕ್ಕೆ ಒಟ್ಟಿಗೆ ಹೋಗಿದ್ದಾಗ ಹುಟ್ಟಿದ ಯೋಚನೆ ಇದು.

ಸಂಗೀತದ್ದು ಬೇರೆಯೇ ಕಥೆ. ಯಸುನೊರಿ ಮಿತ್ಸುದಾ ಎಂಬ ಹುಡುಗ ಸ್ಕ್ವೇರ್ ಕಂಪನಿಯಲ್ಲಿ ಸದ್ದು ಕೂರಿಸುವ ಕೆಲಸದಲ್ಲಿದ್ದ. ಸಂಗೀತ ಮಾಡೋಕೆ ಕೊಡದಿದ್ದರೆ ಕೆಲಸ ಬಿಡ್ತೀನಿ ಅಂತ ಸಕಾಗುಚಿಗೆ ಹೇಳಿದ. ಸರಿ, ಇದನ್ನು ಮಾಡು ಅಂದರು. ಆಟ ಬಂದಾಗ ಅವನಿಗೆ 23 ವರ್ಷ. ಹಗಲು ರಾತ್ರಿ ದುಡಿದು ಹೊಟ್ಟೆಯಲ್ಲಿ ಹುಣ್ಣಾಗಿ ಆಸ್ಪತ್ರೆ ಸೇರಿದ. ಉಳಿದದ್ದನ್ನು ಹಿರಿಯರಾದ ನೊಬುಓ ಉಎಮಾತ್ಸು ಮುಗಿಸಿಕೊಟ್ಟರು. ಯಂತ್ರದಲ್ಲಿ ಧ್ವನಿಗೆ ಇದ್ದ ಜಾಗ 64 ಕೆಬಿ, ಒಟ್ಟಿಗೆ ನುಡಿಯಬಹುದಾದದ್ದು ಎಂಟೇ ಸ್ವರ. ಅದರೊಳಗೆ ಕೂತು, ಮೋಡದ ಮೇಲಿನ ಝೀಲ್ ರಾಜ್ಯಕ್ಕೆ ಸಿತಾರ್ ಥರದ ನಾದ ಇಟ್ಟು ಒಂದು ಮಟ್ಟು ಮಾಡಿದ್ದಾನೆ. ಸಿತಾರ್ ಮನೆತನಗಳಿರುವ ಊರು ನಿಮ್ಮದು. ಮನೆಗೆ ಹೋಗಿ ಕೇಳಿ, ನೀವೇ ತೀರ್ಮಾನಿಸಿ.

ಕೊರತೆ ಇಲ್ಲವೇ? ಇವೆ. ಹೊಡೆದಾಟ ತೀರಾ ಸುಲಭ. ಕ್ರೋನೋ ಮಾತೇ ಆಡುವುದಿಲ್ಲ. ಕೆಲವರಿಗೆ ಅದು ಹಿಡಿಸುತ್ತದೆ, ನನಗೆ ಗೋಡೆ ಜೊತೆ ಮಾತಾಡಿದ ಹಾಗೆ ಆಗುತ್ತದೆ. ಮೇಯರನ ಒಣ ಮಾಂಸದ ಉಪಾಯ ಗೈಡ್ ನೋಡದೆ ಹೊಳೆಯೋದು ಕಷ್ಟ. 1995ರ ಇಂಗ್ಲಿಷ್ ಅನುವಾದದಲ್ಲಿ ಫ್ರಾಗ್ ಎಂಬ ಕಪ್ಪೆ ಹಳೇ ನಾಟಕದ ಇಂಗ್ಲಿಷ್ ಮಾತಾಡುತ್ತದೆ. ಕೆಫೆಯಲ್ಲಿ ಅದು ಬಾಯಿ ತೆರೆದರೆ ಸಾಕು, ಎಲ್ಲರೂ ಬಟನ್ ಒತ್ತಿ ದಾಟಿಸುತ್ತಿದ್ದರು.

ಇನ್ನು ಪ್ರಶ್ನೆಗಳು. "ಸರ, ಬಿಜಿಎಂಐ ಬಿಟ್ಟು ಇದನ್ನ ಯಾಕ ಆಡಬೇಕ್ರಿ?" ಅಂತ ಒಬ್ಬರು ಕೇಳಿದರು. ಬಿಡಬೇಡಿ. ಅದು ಫೋನಿನಲ್ಲಿ ಗೆಳೆಯರ ಜೊತೆ ಗುಂಡು ಹಾರಿಸಿ ಆಡುವ ಆಟ, ಅದರ ಮಜಾನೇ ಬೇರೆ. ಆದರೆ ಅಲ್ಲಿ ಪ್ರತಿ ಪಂದ್ಯವೂ ಹಿಂದಿನದನ್ನು ಮರೆತು ಶುರುವಾಗುತ್ತದೆ. ಇಲ್ಲಿ ಮರೆಯುವುದಿಲ್ಲ. ಎರಡೂ ಬೇಕು.

"ಈಗ ಎಲ್ಲಿ ಸಿಗ್ತೈತ್ರಿ?" ಫೋನಿಗೇ ಸಿಗುತ್ತದೆ, ದುಡ್ಡು ಕೊಟ್ಟು ತಗೋಬಹುದು. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವುದರೊಳಗೆ ಜಾತ್ರೆ ಮುಗಿಸಬಹುದು. ಕಂಪ್ಯೂಟರಿಗೆ 2018ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಬಂತು. ಮೊದಲು ಅಕ್ಷರ, ಮೆನು ಎಲ್ಲಾ ಫೋನಿನದ್ದನ್ನೇ ತಂದು ಅಂಟಿಸಿದ್ದರು, ಆಡುವವರು ಬೈದರು, ಆಮೇಲೆ ತಿದ್ದಿದರು. ಈಗಿನದು ಚೆನ್ನಾಗಿದೆ.

ಕೊನೆಗೆ ಒಬ್ಬ ಹುಡುಗಿ, ಆಟ ಮುಗಿಸಿದವಳೇ ಇರಬೇಕು, ಕೇಳಿದಳು: "ಮೇಗಸ್‌ನ ಕೊಲ್ಲಬೇಕೋ, ಕೂಡಿಸಿಕೊಳ್ಳಬೇಕೋ ಸರ?" ಮೇಗಸ್ ಅಂದರೆ ಫ್ರಾಗ್‌ನ ಗೆಳೆಯನನ್ನು ಕೊಂದವನು, ಫ್ರಾಗ್‌ನನ್ನು ಕಪ್ಪೆ ಮಾಡಿದವನು. ಆದರೆ ಅವನೂ ಅಕ್ಕನನ್ನು ಕಳೆದುಕೊಂಡ ಹುಡುಗ. ಕಡಲ ದಂಡೆಯ ಗುಡ್ಡದ ತುದಿಯಲ್ಲಿ ಅವನು ಒಬ್ಬನೇ ನಿಂತಾಗ ಆಟ ನಿಮ್ಮನ್ನು ಕೇಳುತ್ತದೆ, ಹೊಡೆದಾಡ್ತೀಯಾ ಅಂತ. ಕೊಂದರೆ ಫ್ರಾಗ್ ಕೊನೆಗೆ ಮನುಷ್ಯನಾಗುತ್ತಾನೆ. ಬಿಟ್ಟರೆ ಮೇಗಸ್ ನಿಮ್ಮ ತಂಡಕ್ಕೆ ಬರುತ್ತಾನೆ, ಫ್ರಾಗ್ ಕಪ್ಪೆಯಾಗಿಯೇ ಉಳಿಯುತ್ತಾನೆ. ಸಭೆಯಲ್ಲಿ ಕೈ ಎತ್ತಿಸಿದೆ, ಹೆಚ್ಚು ಕಡಿಮೆ ಅರ್ಧರ್ಧ ಆಯಿತು. ನಾನು ಕೂಡಿಸಿಕೊಳ್ಳುವವರ ಕಡೆ. ಫ್ರಾಗ್‌ಗೆ ಅನ್ಯಾಯ ಆಯಿತು ಅಂತ ಆ ಹುಡುಗಿ ವಾದಕ್ಕೆ ನಿಂತಳು, ಅವಳ ಮಾತಿನಲ್ಲಿ ಹುರುಳಿದೆ.